ಹಿನ್ನೆಲೆಯ ಚಿತ್ರಕಾರ: ಭೀಮಸೇನ್ ಖುರಾನಾ ಅವರ ಬಾಲ್ಯ, ವಲಸೆ ಮತ್ತು ವೃತ್ತಿಯ ಹಾದಿ

ಪೀಠಿಕೆ

ಐಚ್ಛಿಕ ಕನ್ನಡದ ವಿದ್ಯಾರ್ಥಿಗಳು ಜೀವನಚರಿತ್ರೆಯನ್ನು ಒಂದು ಸಾಹಿತ್ಯಪ್ರಕಾರವಾಗಿ ಅಭ್ಯಾಸ ಮಾಡುತ್ತಾರೆ. ಅದರ ಲಕ್ಷಣಗಳನ್ನು ಪಟ್ಟಿ ಮಾಡಿ ಉತ್ತರ ಬರೆಯುವುದು ಸುಲಭ. ಒಬ್ಬ ವ್ಯಕ್ತಿಯ ಬದುಕಿನ ಸಂಗತಿಗಳು ಮುಂದಿರುವಾಗ ಅವುಗಳಲ್ಲಿ ಯಾವುದು ಕಾರಣ, ಯಾವುದು ಕೇವಲ ಸಂದರ್ಭ ಎಂದು ವಿಂಗಡಿಸುವುದು ಕಷ್ಟ. ಈ ಲೇಖನದಲ್ಲಿ ಅಂಥ ಒಂದು ಬದುಕನ್ನು ಓದುವ ಪ್ರಯತ್ನವಿದೆ. ಅದು ಭಾರತದ ಅನಿಮೇಷನ್ ಕಲೆಯ ಹಿರಿಯರಲ್ಲೊಬ್ಬರಾದ ಭೀಮಸೇನ್ ಖುರಾನಾ ಅವರ ಬದುಕು. ಚಿತ್ರರಂಗದಲ್ಲಿ ಅವರು ಭೀಮಸೇನ್ ಎಂಬ ಹೆಸರಿನಿಂದಲೇ ಪರಿಚಿತರು.

ಅವರು ಕನ್ನಡಿಗರಲ್ಲ. ಆದರೂ ಉಟ್ಕೂರು, ಮಕ್ತಲ, ನಾರಾಯಣಪೇಟೆ, ಗದ್ವಾಲಗಳ ಕಡೆಯ ನಮಗೆ ಈ ಬದುಕು ದೂರದ್ದೆನಿಸಲಾರದು. ನಮ್ಮ ಸೀಮೆಯಲ್ಲಿ ವಲಸೆ ಕಂಡರಿಯದ ಮನೆ ಅಪರೂಪ. ಪಾಲಮೂರಿನ ಕೂಲಿಕಾರರು ಮುಂಬಯಿ, ಪುಣೆ, ಹೈದರಾಬಾದು, ಬೆಂಗಳೂರುಗಳನ್ನು ಕಟ್ಟಿದವರು. ಇನ್ನೊಂದು ಬಗೆಯ ಸ್ಥಾನಪಲ್ಲಟವೂ ನಮಗೆ ಗೊತ್ತು. 1956ರ ನವೆಂಬರ್ 1ರಂದು ಹೈದರಾಬಾದು ರಾಜ್ಯ ಹಂಚಿಹೋದಾಗ ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿತು. ಅದೇ ಜಿಲ್ಲೆಯ ಗದ್ವಾಲ, ಆಲಂಪುರ ತಾಲ್ಲೂಕುಗಳು ಮಹಬೂಬನಗರಕ್ಕೆ ಸೇರಿ ಆಂಧ್ರಪ್ರದೇಶದಲ್ಲಿ ಉಳಿದವು. ಅಲ್ಲಿ ಜನ ಕದಲಲಿಲ್ಲ, ಗಡಿ ಕದಲಿತು. ಹೀಗೆ ಕದಲಿದ ಗಡಿಯ ಬದಿಯಲ್ಲಿ ಕುಳಿತು ಕನ್ನಡ ಓದುತ್ತಿರುವ ನಿಮಗೆ, ಗಡಿಯೊಂದು ಕದಲಿದ್ದರಿಂದಲೇ ತಾನೂ ಕದಲಬೇಕಾಗಿ ಬಂದ ಬಾಲಕನೊಬ್ಬನ ಕಥೆ ಅರ್ಥವಾಗುತ್ತದೆ.

ಕೆಲವು ಪದಗಳ ವಿಚಾರ

ಮೊದಲು ಮಾತುಗಳನ್ನು ಸ್ಪಷ್ಟಪಡಿಸಿಕೊಳ್ಳೋಣ. ಊರು ಬಿಟ್ಟು ಹೋಗುವುದಕ್ಕೆ ನಮ್ಮ ಭಾಗದಲ್ಲಿ ಹಲವು ಪದಗಳಿವೆ. ಅವುಗಳ ಅರ್ಥ ಒಂದೇ ಅಲ್ಲ. ಮಳೆ ಕೈಕೊಟ್ಟ ವರ್ಷ ಸಂಸಾರಸಮೇತ ದುಡಿಮೆಗೆ ಹೋಗಿ, ಮತ್ತೆ ಮಳೆಗಾಲಕ್ಕೆ ಮರಳುವುದು ‘ಗುಳೆ’. ಹೋದಲ್ಲಿಯೇ ನೆಲೆ ನಿಲ್ಲುವ ಉದ್ದೇಶವಿದ್ದರೆ ಅದು ‘ವಲಸೆ’. ತೆಲುಗಿನಲ್ಲಿಯೂ ಇದೇ ಮಾತು ‘ವಲಸ’ ಎಂದಿದೆ. ಮರಾಠಿ, ಕನ್ನಡ ಎರಡರಲ್ಲೂ ಶಾಲೆ ಕಲಿತ ನನಗೆ ‘ಪರದೇಶಿ’ ಎಂಬ ಪದ ಬಹುಕಾಲ ಯೋಚನೆಗೆ ಹಚ್ಚಿತ್ತು. ಮರಾಠಿಯಲ್ಲಿ ಅದಕ್ಕೆ ಬೇರೆ ದೇಶದವನು ಎಂಬ ಅರ್ಥ. ನಮ್ಮ ಕಡೆಯ ಕನ್ನಡದಲ್ಲಿ ‘ಪರದೇಶಿ’ ಎಂದರೆ ದಿಕ್ಕಿಲ್ಲದವನು, ಹೇಳುವವರು ಕೇಳುವವರು ಇಲ್ಲದವನು. ದೇಶ ಬಿಟ್ಟವನು ಅನಾಥನೂ ಆಗಿರುತ್ತಾನೆಂಬ ಅನುಭವವನ್ನು ಕನ್ನಡ ಆ ಪದದೊಳಗೆ ಇಟ್ಟುಬಿಟ್ಟಿದೆ.

ದೇಶವಿಭಜನೆಯ ಕಾಲದಲ್ಲಿ ಬಂದವರನ್ನು ಕನ್ನಡ ಪತ್ರಿಕೆಗಳು ‘ನಿರಾಶ್ರಿತ’ರೆಂದು ಕರೆದವು, ಮರಾಠಿಯಲ್ಲಿ ಅವರು ‘ನಿರ್ವಾಸಿತ’ರು. ಒಂದು ಭಾಷೆ ಆಶ್ರಯ ಹೋದುದನ್ನು ಹೇಳುತ್ತದೆ, ಇನ್ನೊಂದು ವಾಸ ಹೋದುದನ್ನು ಹೇಳುತ್ತದೆ. ಎರಡು ಭಾಷೆ ಬಲ್ಲವನಿಗೆ ಒಂದೇ ದುಃಖ ಎರಡು ಮಗ್ಗುಲಿನಿಂದ ಕಾಣುವುದು ಹೀಗೆ.

ಇನ್ನು ‘ಅನಿಮೇಷನ್’. ಲ್ಯಾಟಿನ್ ಭಾಷೆಯ ‘ಅನಿಮಾ’ ಎಂಬುದು ಇದರ ಮೂಲ. ಉಸಿರು, ಪ್ರಾಣ ಎಂದರ್ಥ. ನಿಶ್ಚಲವಾದ ಗೆರೆಗೆ ಪ್ರಾಣ ಕೊಡುವ ಕಲೆಯಾದ್ದರಿಂದ ಈ ಹೆಸರು. ನಮ್ಮಲ್ಲಿ ‘ಅನಿಮಿಷ’ ಎಂಬ ಪದವಿದೆ. ರೆಪ್ಪೆ ಬಡಿಯದವನು ಎಂದರ್ಥ. ಅಲ್ಲಮಪ್ರಭುವಿನ ಗುರುವಿನ ಹೆಸರೂ ಹೌದು. ಧ್ವನಿ ಹತ್ತಿರವೆಂದು ಇವೆರಡನ್ನೂ ಒಂದೇ ಮೂಲಕ್ಕೆ ಕಟ್ಟಬಾರದು. ರೂಪಸಾಮ್ಯ ಮಾತ್ರದಿಂದ ಪದಸಂಬಂಧ ಸಿದ್ಧಿಸುವುದಿಲ್ಲವೆಂಬ ಭಾಷಾಶಾಸ್ತ್ರದ ಪಾಠಕ್ಕೆ ಇದು ಒಳ್ಳೆಯ ಉದಾಹರಣೆ.

ಮುಲ್ತಾನದಿಂದ ಲಖನೌಗೆ

ಭೀಮಸೇನ್ ಹುಟ್ಟಿದ್ದು 1936ರ ನವೆಂಬರಿನಲ್ಲಿ, ಇಂದು ಪಾಕಿಸ್ತಾನದಲ್ಲಿರುವ ಮುಲ್ತಾನ ನಗರದಲ್ಲಿ. 1947ರ ಆಗಸ್ಟಿನಲ್ಲಿ ದೇಶ ಎರಡಾದಾಗ ಅವರಿಗೆ ಹನ್ನೊಂದು ವರ್ಷ ತುಂಬಿರಲಿಲ್ಲ. ಆ ವಿಭಜನೆಯಲ್ಲಿ ಒಂದು ಕೋಟಿಗೂ ಮಿಕ್ಕಿದ ಜನ ಮನೆಮಾರು ತೊರೆದು ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ ಹೋದರು. ಖುರಾನಾ ಕುಟುಂಬ ಗಡಿ ದಾಟಿ ಬಂದು ಉತ್ತರಪ್ರದೇಶದ ಲಖನೌದಲ್ಲಿ ನೆಲೆ ಕಂಡಿತು.

ಲಖನೌ ಕಲಾವಿದರಿಗೂ ಸಂಗೀತಗಾರರಿಗೂ ಹೆಸರಾದ ಊರು. ಭೀಮಸೇನ್ ಅಲ್ಲಿ ಚಿತ್ರಕಲೆಯನ್ನೂ ಶಾಸ್ತ್ರೀಯ ಸಂಗೀತವನ್ನೂ ಅಭ್ಯಾಸ ಮಾಡಿದರು. ಮುಂದೆ ಅವರು ಕೈಹಾಕಿದ ಕಲೆಗೆ ಎರಡೂ ಬೇಕಾಗಿದ್ದವು. ಅನಿಮೇಷನ್ ಚಿತ್ರ ಕಣ್ಣಿಗೆ ಎಷ್ಟು ಸೇರಿದ್ದೋ ತಾಳಕ್ಕೂ ಅಷ್ಟೇ ಸೇರಿದ್ದು. ಒಂದು ಹೆಜ್ಜೆಗೆ ಎಷ್ಟು ಚಿತ್ರ, ಒಂದು ನಿಲುಗಡೆಗೆ ಎಷ್ಟು ಚಿತ್ರ ಎಂದು ಎಣಿಸುವವನಿಗೆ ಮಾತ್ರೆಗಳನ್ನು ಎಣಿಸಿ ಬಲ್ಲ ಕಿವಿ ದೊಡ್ಡ ಆಸ್ತಿ. ಛಂದಸ್ಸಿನಲ್ಲಿ ಗಣ ವಿಂಗಡಿಸಲು ಕಲಿತ ನಿಮಗೆ ಈ ಮಾತು ಹೊಸದಲ್ಲ.

1961ರಲ್ಲಿ ಅವರು ಮುಂಬಯಿಗೆ ಬಂದು, ಕೇಂದ್ರ ಸರ್ಕಾರದ ಫಿಲ್ಮ್ಸ್ ಡಿವಿಷನ್ನಿನಲ್ಲಿ ಹಿನ್ನೆಲೆ ಚಿತ್ರಗಾರರಾಗಿ ಕೆಲಸಕ್ಕೆ ಸೇರಿದರು. ಇಲ್ಲಿ ಎರಡು ಪ್ರಯಾಣಗಳಿವೆ ಎಂಬುದನ್ನು ಗಮನಿಸಬೇಕು. ಮುಲ್ತಾನದಿಂದ ಲಖನೌಗೆ ಬಂದ ಹುಡುಗ ನಿರಾಶ್ರಿತ. ಆ ಪ್ರಯಾಣ ಅವನ ಆಯ್ಕೆಯಲ್ಲ. ಲಖನೌದಿಂದ ಮುಂಬಯಿಗೆ ಹೋದ ತರುಣ ವಲಸಿಗ. ಆ ಪ್ರಯಾಣಕ್ಕೆ ಹೊರಟಾಗ ಅವನ ಕೈಯಲ್ಲಿ ಕಲಿತ ವಿದ್ಯೆಯಿತ್ತು. ಎರಡು ಪ್ರಯಾಣಗಳ ನಡುವೆ ಹದಿನಾಲ್ಕು ವರ್ಷಗಳ ಅಂತರವಿದೆ.

ಕಾರ್ಟೂನ್ ಘಟಕದ ಗುರುಪರಂಪರೆ

ಭೀಮಸೇನ್ ಸೇರಿದ ಸಂಸ್ಥೆಯ ಕಾರ್ಟೂನ್ ಘಟಕ ಹುಟ್ಟಿದ್ದು 1956ರಲ್ಲಿ, ಅಂದರೆ ನಮ್ಮ ಭಾಷಾವಾರು ರಾಜ್ಯಗಳು ಹುಟ್ಟಿದ ವರ್ಷದಲ್ಲಿ. ಅದನ್ನು ಕಟ್ಟಲು ಅಮೆರಿಕದಿಂದ ಬಂದವರು ಕ್ಲೇರ್ ವೀಕ್ಸ್. ಅವರು ಭಾರತದಲ್ಲಿ ನೆಲೆಸಿದ್ದ ಅಮೆರಿಕನ್ ಮಿಷನರಿ ದಂಪತಿಗಳ ಮಗ, ಹುಟ್ಟಿದ್ದೂ ಇಲ್ಲಿಯೇ. ಅಮೆರಿಕಕ್ಕೆ ಹೋಗಿ ವಾಲ್ಟ್ ಡಿಸ್ನಿ ಸಂಸ್ಥೆಯಲ್ಲಿ ‘ಸ್ನೋ ವೈಟ್’, ‘ಬಾಂಬಿ’, ‘ಪೀಟರ್ ಪ್ಯಾನ್’ ಮೊದಲಾದ ಚಿತ್ರಗಳಿಗೆ ದುಡಿದು, ಹುಟ್ಟಿದ ನೆಲಕ್ಕೆ ಶಿಕ್ಷಕರಾಗಿ ಮರಳಿ ಬಂದರು. ಅವರ ಮಾರ್ಗದರ್ಶನದಲ್ಲಿ ಆ ಘಟಕ 1957ರಲ್ಲಿ ‘ದಿ ಬನಿಯನ್ ಡೀರ್’ ಎಂಬ ಚಿತ್ರವನ್ನು ತಯಾರಿಸಿತು. ಅದರ ವಸ್ತು ಬೌದ್ಧ ಜಾತಕಕಥೆ.

ವೀಕ್ಸ್ ಅವರಿಂದ ಕಲಿತವರಲ್ಲಿ ಒಬ್ಬರು ರಾಮ್ ಮೋಹನ್. ಕೇರಳದ ತಿರುವಲ್ಲದಲ್ಲಿ 1931ರಲ್ಲಿ ಹುಟ್ಟಿದವರು. ಮದರಾಸಿನಲ್ಲಿ ರಸಾಯನಶಾಸ್ತ್ರ ಓದಿ, ಅದನ್ನು ಬಿಟ್ಟು 1956ರಲ್ಲಿ ಈ ಘಟಕಕ್ಕೆ ಬಂದವರು. ಮುಂದೆ ಭಾರತೀಯ ಅನಿಮೇಷನ್ನಿನ ಪಿತಾಮಹರೆಂದು ಕರೆಯಿಸಿಕೊಂಡು, 2014ರಲ್ಲಿ ಪದ್ಮಶ್ರೀ ಪಡೆದರು. ಭೀಮಸೇನ್ ಅನಿಮೇಷನ್ ಕಲಿತದ್ದು ಇವರಿಂದ.

ಭಾರತದಲ್ಲಿ ಹುಟ್ಟಿದ ಅಮೆರಿಕನ್ನರೊಬ್ಬರು, ತಿರುವಲ್ಲದ ಮಲಯಾಳಿಯೊಬ್ಬರು, ಮುಲ್ತಾನದ ನಿರಾಶ್ರಿತರೊಬ್ಬರು: ಮೂವರೂ ಮುಂಬಯಿಗೆ ಹೊರಗಿನಿಂದ ಬಂದವರು, ಮೂವರ ಮನೆಮಾತೂ ಬೇರೆ. ಒಬ್ಬನಿಂದ ಒಬ್ಬನಿಗೆ ವಿದ್ಯೆ ಹರಿದದ್ದು ಮೇಜಿನ ಮೇಲಿನ ಗೆರೆಗಳಿಂದ. ಗೆರೆಯನ್ನು ತಿದ್ದಲು ಎರಡು ಕೈ ಸಾಕು, ಒಂದು ಮಾತೃಭಾಷೆ ಬೇಕಿಲ್ಲ. ಹೊರಗಿನಿಂದ ಬಂದವರಿಗೆ ಈ ಕಲೆ ಬಾಗಿಲು ತೆರೆದುದಕ್ಕೆ ಇದೂ ಒಂದು ಕಾರಣವೆಂದು ನನ್ನ ಅಭಿಪ್ರಾಯ.

‘ಹಿನ್ನೆಲೆ’ ಎಂಬ ಪದ

ಹಿನ್ನೆಲೆ ಚಿತ್ರಗಾರನ ಕೆಲಸವೇನೆಂದು ತಿಳಿಯಲು ಆ ಕಾಲದ ತಯಾರಿಕೆಯ ಕ್ರಮವನ್ನು ತಿಳಿಯಬೇಕು. ಚಲನಚಿತ್ರದಲ್ಲಿ ಒಂದು ಸೆಕೆಂಡಿಗೆ 24 ಚೌಕಟ್ಟುಗಳು ಓಡುತ್ತವೆ. ಒಂದು ಚಿತ್ರವನ್ನು ಎರಡು ಚೌಕಟ್ಟುಗಳಿಗೆ ಬಳಸಿದರೂ ಸೆಕೆಂಡಿಗೆ 12 ಚಿತ್ರ ಬೇಕು. ಏಳು ನಿಮಿಷದ ಚಿತ್ರಕ್ಕೆ 10,080 ಚೌಕಟ್ಟುಗಳು, ಆ ಲೆಕ್ಕದಲ್ಲಿ 5,040 ಚಿತ್ರಗಳು. ಪ್ರತಿ ಸಲವೂ ಮರ, ಮನೆ, ಆಕಾಶಗಳನ್ನು ಹೊಸದಾಗಿ ಬರೆಯುವುದು ಅಸಾಧ್ಯ. ಆದ್ದರಿಂದ ಚಲಿಸುವ ಪಾತ್ರವನ್ನು ಪಾರದರ್ಶಕವಾದ ಸೆಲ್ಯುಲಾಯಿಡ್ ಹಾಳೆಯ ಮೇಲೆ ಬರೆದು, ಚಲಿಸದ ಊರು, ಬಯಲು, ಬೆಟ್ಟಗಳನ್ನು ಕಾಗದದ ಮೇಲೆ ಒಮ್ಮೆ ಬಿಡಿಸಿ, ಅದರ ಮೇಲೆ ಆ ಹಾಳೆಯನ್ನಿಟ್ಟು ಕ್ಯಾಮೆರಾದಲ್ಲಿ ಹಿಡಿಯುತ್ತಿದ್ದರು. ಪಾತ್ರ ಕ್ಷಣಕ್ಷಣಕ್ಕೂ ಬದಲಾಗುತ್ತದೆ, ಹಿನ್ನೆಲೆ ನಿಂತಿರುತ್ತದೆ. ಹಿನ್ನೆಲೆ ನಿಂತಿರುವುದರಿಂದಲೇ ಪಾತ್ರ ಚಲಿಸಿತೆಂದು ನಮಗೆ ತಿಳಿಯುತ್ತದೆ.

ಈಗ ಪದವನ್ನು ನೋಡಿರಿ. ಮರಾಠಿಯಲ್ಲಿ ಇದು ‘ಪಾರ್ಶ್ವಭೂಮಿ’. ತೆಲುಗಿನಲ್ಲಿ ‘ನೇಪಥ್ಯ’, ಕನ್ನಡದಲ್ಲಿ ಆ ಪದ ನಾಟಕದ ಪರದೆಯ ಹಿಂಬದಿಗೆ, ವೇಷ ಕಟ್ಟುವ ಕೋಣೆಗೆ ಸಲ್ಲುತ್ತದೆ. ಕನ್ನಡದ ಮಾತು ‘ಹಿನ್ನೆಲೆ’: ಹಿಂದಿನ ನೆಲೆ. ನೆಲೆ ಎಂದರೆ ಆಧಾರ, ವಾಸಸ್ಥಾನ, ಆಶ್ರಯ. ಒಬ್ಬ ವ್ಯಕ್ತಿಯ ಪೂರ್ವವೃತ್ತಾಂತವನ್ನೂ ನಾವು ‘ಹಿನ್ನೆಲೆ’ ಎನ್ನುತ್ತೇವೆ. ಹತ್ತು ವರ್ಷದವನಾಗಿದ್ದಾಗ ಹಿಂದಿನ ನೆಲೆಯನ್ನು ಕಳೆದುಕೊಂಡವನು ಇಪ್ಪತ್ತನಾಲ್ಕನೆಯ ವಯಸ್ಸಿಗೆ ಹಿನ್ನೆಲೆ ಬಿಡಿಸುವ ಕೆಲಸಕ್ಕೆ ನೇಮಕಗೊಂಡ ಸಂಗತಿ ಕನ್ನಡದಲ್ಲಿ ಓದುವವನಿಗೆ ವಿಶೇಷವಾಗಿ ತಟ್ಟುತ್ತದೆ.

ಆದರೆ ಇಲ್ಲಿ ವಿಮರ್ಶಕನಿಗೆ ಎಚ್ಚರ ಬೇಕು. ಇದು ಕನ್ನಡ ಪದ ನಮಗೆ ತೋರಿಸುವ ಅರ್ಥ, ಕಲಾವಿದ ಹೇಳಿಕೊಂಡದ್ದಲ್ಲ. ಕೃತಿಯೊಳಗಿನ ಸಾಕ್ಷ್ಯವನ್ನೂ ಓದುಗನ ಸ್ಫುರಣೆಯನ್ನೂ ಬೇರ್ಪಡಿಸಿಡುವುದು ಉತ್ತಮ ಓದಿನ ಮೊದಲ ನಿಯಮ.

ಮೂರು ಕೃತಿಗಳು

ಮೊದಲನೆಯದು ‘ದಿ ಕ್ಲೈಂಬ್’. ಹೆಸರೇ ಹೇಳುವಂತೆ ಏರುವಿಕೆಯನ್ನು ಕುರಿತ ಈ ಕಿರುಚಿತ್ರ ಅವರು ಸ್ವತಂತ್ರವಾಗಿ ಮಾಡಿದ ಮೊದಲ ಅನಿಮೇಷನ್. 1971ರಲ್ಲಿ ಇದಕ್ಕೆ ಷಿಕಾಗೋ ಚಿತ್ರೋತ್ಸವದಲ್ಲಿ ‘ಸಿಲ್ವರ್ ಹ್ಯೂಗೋ’ ಪ್ರಶಸ್ತಿ ದೊರೆಯಿತು. ಹಿನ್ನೆಲೆ ಬಿಡಿಸಲು ಬಂದವರು ಹತ್ತು ವರ್ಷಗಳಲ್ಲಿ ಮುನ್ನೆಲೆಗೆ ಬಂದರು. ತಮ್ಮ ಸಂಸ್ಥೆಗೂ ಅವರು ‘ಕ್ಲೈಂಬ್ ಫಿಲ್ಮ್ಸ್’ ಎಂದೇ ಹೆಸರಿಟ್ಟರು.

ಎರಡನೆಯದು 1974ರ ‘ಏಕ್ ಅನೇಕ್ ಔರ್ ಏಕ್‌ತಾ’. ದೂರದರ್ಶನ ನೋಡಿ ಬೆಳೆದ ಒಂದು ಪೀಳಿಗೆಯ ಮಕ್ಕಳಿಗೆ ಇದು ಬಾಯಿಪಾಠ. ವಿಜಯಾ ಮುಳೆ ಅವರ ಈ ಶೈಕ್ಷಣಿಕ ಚಿತ್ರಕ್ಕೆ ಅನಿಮೇಷನ್ ಭೀಮಸೇನ್ ಅವರದು. ‘ಅನೇಕ’ ಎಂದರೇನೆಂದು ಕೇಳುವ ಮಕ್ಕಳಿಗೆ ಅಕ್ಕ ಉತ್ತರಿಸುತ್ತಾಳೆ. ಸೂರ್ಯ ಒಂದು, ಚಂದ್ರ ಒಂದು, ನಕ್ಷತ್ರಗಳು ಅನೇಕ. ಒಂದು ಅಳಿಲು, ಅನೇಕ ಅಳಿಲುಗಳು. ನಮ್ಮ ವ್ಯಾಕರಣದ ಏಕವಚನ, ಬಹುವಚನಗಳ ಪಾಠವೇ ಇದು. ಆ ಬಳಿಕ ಕಥೆ ಬರುತ್ತದೆ: ಬೇಡನ ಬಲೆಗೆ ಬಿದ್ದ ಹಕ್ಕಿಗಳು ಒಟ್ಟಾಗಿ ಬಲೆಸಮೇತ ಹಾರಿಹೋಗುತ್ತವೆ, ಗೆಳೆಯರಾದ ಇಲಿಗಳು ಬಲೆ ಕಡಿದು ಬಿಡಿಸುತ್ತವೆ.

ಈ ಕಥೆಯನ್ನು ನೀವು ಬಲ್ಲಿರಿ. ಇದು ಪಂಚತಂತ್ರದ್ದು, ವಿಷ್ಣುಶರ್ಮನ ಪಾಠದಲ್ಲಿ ಪಾರಿವಾಳಗಳ ನಾಯಕ ಚಿತ್ರಗ್ರೀವ, ಇಲಿ ಹಿರಣ್ಯಕ. ಕನ್ನಡಕ್ಕೆ ಪಂಚತಂತ್ರವನ್ನು ಹನ್ನೊಂದನೆಯ ಶತಮಾನದಲ್ಲಿ ತಂದ ದುರ್ಗಸಿಂಹ ವಿಷ್ಣುಶರ್ಮನನ್ನು ಬಿಟ್ಟು ವಸುಭಾಗಭಟ್ಟನ ಪರಂಪರೆಯನ್ನು ಅನುಸರಿಸಿ ಚಂಪೂಕಾವ್ಯ ರಚಿಸಿದ. ಕಥೆಗಳ ಲೋಕದಲ್ಲಿ ಪಂಚತಂತ್ರದಷ್ಟು ದೂರ ವಲಸೆ ಹೋದದ್ದು ಕಡಿಮೆ. ಆರನೆಯ ಶತಮಾನದಲ್ಲಿ ಪಹ್ಲವಿ ಭಾಷೆಗೆ, ಎಂಟನೆಯ ಶತಮಾನದಲ್ಲಿ ಇಬ್ನ್ ಅಲ್ ಮುಕಫ್ಫನಿಂದ ಅರಬ್ಬಿಗೆ, ಅಲ್ಲಿಂದ ಯುರೋಪಿಗೆ ಅದು ಹೋಯಿತು. ಇಪ್ಪತ್ತನೆಯ ಶತಮಾನದಲ್ಲಿ ಅದೇ ಕಥೆ ವಲಸೆ ಬಂದ ಚಿತ್ರಗಾರನೊಬ್ಬನ ಮೇಜಿಗೆ ಬಂದು, ಸೆಲ್ಯುಲಾಯಿಡ್ ಹಾಳೆಯ ಮೇಲೆ ರೆಕ್ಕೆ ಬಿಚ್ಚಿತು. ಒಂದು ದೇಶ ಎರಡಾದುದನ್ನು ಹತ್ತು ವರ್ಷದ ಕಣ್ಣಿನಿಂದ ಕಂಡವರು, ಅನೇಕವು ಒಂದಾಗುವ ಕಥೆಯನ್ನು ದೇಶದ ಮಕ್ಕಳಿಗಾಗಿ ಬಿಡಿಸಿದರು. ಈ ಸಂಗತಿಯ ಭಾರ ತಾನಾಗಿಯೇ ತಿಳಿಯುವಂಥದು.

ಮೂರನೆಯದು ಅನಿಮೇಷನ್ ಅಲ್ಲ. 1977ರ ಹಿಂದಿ ಕಥಾಚಿತ್ರ ‘ಘರೌಂದಾ’. ಅಮೋಲ್ ಪಾಲೇಕರ್, ಜರೀನಾ ವಹಾಬ್, ಶ್ರೀರಾಮ ಲಾಗೂ ಅಭಿನಯಿಸಿದ ಈ ಚಿತ್ರದ ಕಥೆ ಶಂಕರ ಶೇಷ್ ಅವರದು. ಮುಂಬಯಿಯಲ್ಲಿ ಒಂದು ಚಿಕ್ಕ ಮನೆ ಮಾಡಿಕೊಳ್ಳಬೇಕೆಂದು ಕಾಸಿಗೆ ಕಾಸು ಕೂಡಿಸುವ ಜೋಡಿ, ಮನೆ ಕಟ್ಟಿಕೊಡುವವನಿಂದ ಮೋಸಹೋಗುವುದು ಅದರ ವಸ್ತು. ಮಕ್ಕಳು ಮರಳಿನಲ್ಲಿ ಕಟ್ಟುವ ಗುಬ್ಬಿಮನೆಗೆ ಹಿಂದಿಯಲ್ಲಿ ‘ಘರೌಂದಾ’ ಎನ್ನುತ್ತಾರೆ. ನೆಲೆಯ ಪ್ರಶ್ನೆ ಇಲ್ಲಿ ಸಾಕ್ಷಾತ್ ವಸ್ತುವಾಗಿಯೇ ಬಂದಿದೆ. ಹಿಂದೆ ‘ಹಿನ್ನೆಲೆ’ ಪದದ ಬಗ್ಗೆ ಹೇಳಿದ್ದು ಓದುಗನ ಸ್ಫುರಣೆಯಾದರೆ, ಇದು ಕೃತಿಯೊಳಗಿನ ಸಾಕ್ಷ್ಯ. ಎರಡರ ವ್ಯತ್ಯಾಸವನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಅನೇಕ ರಾಷ್ಟ್ರಪ್ರಶಸ್ತಿಗಳನ್ನು ಪಡೆದ ಭೀಮಸೇನ್ 2018ರ ಏಪ್ರಿಲಿನಲ್ಲಿ ತೀರಿಕೊಂಡರು.

ನಮ್ಮ ನೆಲದ ಹೋಲಿಕೆ: ತೊಗಲುಗೊಂಬೆ

ಚಿತ್ರಕ್ಕೆ ಪ್ರಾಣ ಕೊಡುವ ಕಲೆಯೂ ವಲಸೆಯೂ ಕೂಡಿದ ಉದಾಹರಣೆ ನಮ್ಮ ನೆರೆಹೊರೆಯಲ್ಲಿಯೇ ಇದೆ. ತೊಗಲುಗೊಂಬೆ ಆಡಿಸುವ ಶಿಳ್ಳೇಕ್ಯಾತ ಸಮುದಾಯದವರು ತಮ್ಮ ಮೂಲವನ್ನು ಮಹಾರಾಷ್ಟ್ರದ ಕಡೆಗೆ ಗುರುತಿಸಿಕೊಳ್ಳುತ್ತಾರೆ. ಮನೆಯೊಳಗೆ ಅವರಾಡುವುದು ಮರಾಠಿಯ ಒಂದು ಪ್ರಭೇದ. ಪರದೆಯ ಹಿಂದೆ ಕುಳಿತಾಗ ಮಾತು ಕರ್ನಾಟಕದಲ್ಲಿ ಕನ್ನಡ, ತೆಲುಗು ಸೀಮೆಯಲ್ಲಿ ತೆಲುಗು. ಹದ ಮಾಡಿ ತೆಳುವಾಗಿಸಿದ ತೊಗಲಿನ ಮೇಲೆ ರಾಮ, ರಾವಣ, ಹನುಮಂತರನ್ನು ಬರೆದು, ಬಣ್ಣ ತುಂಬಿ, ಕೀಲು ಕೂಡಿಸಿ, ದೀಪದ ಮುಂದೆ ಆಡಿಸುತ್ತಾರೆ. ಬೆಳಕು ತೂರಿಬರುವ ತೊಗಲು, ಬೆಳಕು ತೂರಿಬರುವ ಸೆಲ್ಯುಲಾಯಿಡ್: ಎರಡು ಕಲೆಗಳ ಸಾಮ್ಯ ಎದ್ದು ಕಾಣುತ್ತದೆ. ಕೊಪ್ಪಳ ಜಿಲ್ಲೆಯ ಮೊರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಸಂದಿತು.

ವಲಸೆ ಬಂದವರು ಮನೆಯ ಮಾತನ್ನು ಬಿಡದೆ, ಬಂದ ನೆಲದ ಮಾತಿನಲ್ಲಿ ಕಲೆಯನ್ನು ಕಟ್ಟಿದ್ದು ಈ ಪರಂಪರೆಯ ವಿಶೇಷ. ನಾರಾಯಣಪೇಟೆಯ ನೇಕಾರರ ಬಗ್ಗೆಯೂ ಇಂಥದೇ ಐತಿಹ್ಯವಿದೆ: ಶಿವಾಜಿಯ ದಂಡು ಇಲ್ಲಿ ಬೀಡುಬಿಟ್ಟಾಗ ಜೊತೆಯಲ್ಲಿದ್ದ ಕೆಲವು ನೇಕಾರರು ಇಲ್ಲಿಯೇ ಉಳಿದರೆಂದೂ ಅವರಿಂದಲೇ ಇಲ್ಲಿನ ಸೀರೆಗೆ ಈ ಹೆಸರು ಬಂದಿತೆಂದೂ ಹೇಳುತ್ತಾರೆ. ಐತಿಹ್ಯವನ್ನು ಇತಿಹಾಸವೆನ್ನಲಾಗದು, ಆದರೆ ಊರೊಂದು ತನ್ನ ಹೆಮ್ಮೆಯ ಕಸುಬನ್ನು ಹೊರಗಿನಿಂದ ಬಂದವರ ಕೊಡುಗೆಯೆಂದು ನೆನೆಯುವುದು ದೊಡ್ಡ ಮಾತು.

ಸಮಾರೋಪ

ಇಂಥ ಬದುಕನ್ನು ಬರೆಯುವವರು ‘ಕಷ್ಟದಿಂದ ಕಲೆ ಹುಟ್ಟಿತು’ ಎಂದು ಮುಗಿಸಿಬಿಡುವುದುಂಟು. ಈ ತೀರ್ಮಾನವನ್ನು ಪರೀಕ್ಷಿಸಬೇಕು. ಕಷ್ಟವೇ ಕಾರಣವಾಗಿದ್ದರೆ, ಗಡಿ ದಾಟಿದ ಕೋಟಿ ಜನರಲ್ಲಿ ಎಷ್ಟು ಮಂದಿ ಕಲಾವಿದರಾಗಬೇಕಿತ್ತು? ನಮ್ಮ ಪಾಲಮೂರಿನಿಂದ ಹೋದವರಲ್ಲಿ ಎಷ್ಟು ಮಂದಿ ಆಗಬೇಕಿತ್ತು? ಭೀಮಸೇನ್ ಅವರ ಬದುಕಿನಲ್ಲಿ ನಿರ್ಣಾಯಕವಾದದ್ದು ಮೂರು ಸಂಗತಿಗಳು: ಲಖನೌದಲ್ಲಿ ದೊರೆತ ಶಿಕ್ಷಣ, ಸಂಬಳ ಕೊಟ್ಟು ಕಲಿಯಲು ಬಿಟ್ಟ ಸಾರ್ವಜನಿಕ ಸಂಸ್ಥೆ, ಕೈಹಿಡಿದು ಕಲಿಸಿದ ಗುರು. ವಿಭಜನೆ ಅವರಿಂದ ನೆಲೆಯನ್ನು ಕಿತ್ತುಕೊಂಡಿತು. ಅದು ಏನನ್ನೂ ಕೊಡಲಿಲ್ಲ. ಕೊಟ್ಟದ್ದು ನಡುವಿನ ಹದಿನಾಲ್ಕು ವರ್ಷಗಳ ಅಭ್ಯಾಸ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ನಿಮ್ಮಲ್ಲಿ ಹಲವರು ಇನ್ನೆರಡು ಮೂರು ವರ್ಷಗಳಲ್ಲಿ ಊರು ಬಿಡುತ್ತೀರಿ. ಗಡಿಯ ಈಚೆ ಕುಳಿತು ಕನ್ನಡ ಓದಿ ಏನು ಬಂತು ಎಂಬ ಪ್ರಶ್ನೆ ಮನೆಯಲ್ಲಿಯೂ ಏಳುತ್ತದೆ, ನಿಮ್ಮೊಳಗೂ ಏಳುತ್ತದೆ. ಬರಿಗೈಯಲ್ಲಿ ಹೊರಡುವುದಕ್ಕೂ ವಿದ್ಯೆ ಹಿಡಿದು ಹೊರಡುವುದಕ್ಕೂ ಇರುವ ವ್ಯತ್ಯಾಸವನ್ನು ಈ ಬದುಕು ತೋರಿಸುತ್ತದೆ. ತೆಲುಗು, ಕನ್ನಡ, ಮರಾಠಿ, ಉರ್ದುಗಳ ನಡುವೆ ಬೆಳೆದ ಕಿವಿ, ದುರ್ಗಸಿಂಹನ ಕಥೆ ಓದಿದ ನೆನಪು, ಮಾತ್ರೆ ಎಣಿಸಬಲ್ಲ ಲಯಜ್ಞಾನ: ಇವು ಗಂಟು ಕಟ್ಟಿದರೆ ಭಾರವಾಗದ, ಗಡಿಯಲ್ಲಿ ಯಾರೂ ತಡೆದು ಕಸಿಯಲಾಗದ ಸರಕು. ಕಲಿಯುವ ಈ ವರ್ಷಗಳನ್ನು ಕಲಿಯುವುದಕ್ಕೇ ಬಳಸಿಕೊಳ್ಳಿರಿ.

ಅಭ್ಯಾಸಕ್ಕೆ

1. ಗುಳೆ, ವಲಸೆ, ಪರದೇಶಿ, ನಿರಾಶ್ರಿತ: ಈ ಪದಗಳು ನಿಮ್ಮ ಊರಿನಲ್ಲಿ ಯಾವ ಸಂದರ್ಭದಲ್ಲಿ ಬಳಕೆಯಾಗುತ್ತವೆ? ಹಿರಿಯರನ್ನು ಕೇಳಿ, ಒಂದೊಂದಕ್ಕೂ ಎರಡು ವಾಕ್ಯಗಳ ಉದಾಹರಣೆ ಬರೆಯಿರಿ.

2. ‘ನೆಲೆ’ ಪದ ಸೇರಿ ಆದ ಕನ್ನಡ ಪದಗಳನ್ನು ಪಟ್ಟಿ ಮಾಡಿ, ಅರ್ಥಭೇದವನ್ನು ವಿವರಿಸಿರಿ.

3. ದುರ್ಗಸಿಂಹನ ಪಂಚತಂತ್ರದ ಮಿತ್ರಕಾರ್ಯ ಪ್ರಕರಣವನ್ನು ಓದಿ, ಅಲ್ಲಿ ಸ್ನೇಹದ ಚಿತ್ರಣಕ್ಕೂ ‘ಏಕ್ ಅನೇಕ್ ಔರ್ ಏಕ್‌ತಾ’ ಚಿತ್ರದಲ್ಲಿನ ಚಿತ್ರಣಕ್ಕೂ ಇರುವ ಸಾಮ್ಯ, ವೈಷಮ್ಯಗಳನ್ನು ಗುರುತಿಸಿರಿ.

4. ನಿಮ್ಮ ಮನೆತನದಲ್ಲಿ ಊರು ಬಿಟ್ಟುಹೋಗಿ ಒಂದು ಕಸುಬು ಕಲಿತವರೊಬ್ಬರ ಬದುಕನ್ನು ಎರಡು ಪುಟಗಳಲ್ಲಿ ಬರೆಯಿರಿ. ಯಾವುದು ಸಂದರ್ಭ, ಯಾವುದು ಕಾರಣ ಎಂಬುದನ್ನು ಸ್ಪಷ್ಟವಾಗಿ ವಿಂಗಡಿಸಿರಿ.